ಬೆರಳಿನ ಬೆನ್ನಿಗೆ ತಿಳಿದ ಬಿಸಿ

ನಾನು ಕಲಿತದ್ದು ನಾಲ್ಕನೇ ಇಯತ್ತೆಯವರೆಗೆ. ಇಂಗ್ಲಿಷ್ ಅಕ್ಷರ ಇವತ್ತಿಗೂ ಕೂಡಿಸಿ ಓದಲು ಬರುವುದಿಲ್ಲ. ಹಾಗಿದ್ದೂ ಪುಣೆಯ ಕೊಂಢವಾದಲ್ಲಿ ಒಂದು ರಿಪೇರಿ ಅಂಗಡಿಯಲ್ಲಿ ಕೂತು ವರ್ಷಗಟ್ಟಲೆ ಲ್ಯಾಪ್‌ಟಾಪ್ ಬಿಚ್ಚಿದೆ, ಸರಿಮಾಡಿದೆ, ಕೆಲವನ್ನು ಕೆಡಿಸಿದೆ. ಸಣ್ಣ ಸ್ಕ್ರೂ ಕಣ್ಣಿಗೆ ಎರಡಾಗಿ ಕಾಣಲು ಶುರುವಾದಾಗ ಬಿಟ್ಟು ಮನೆಗೆ ಬಂದೆ. ಈಗ ನಮ್ಮ ಕಡೆಯ ಹುಡುಗಿಯರು ಮೂರು ತಿಂಗಳ ಕೋರ್ಸು ಮಾಡಿ ಈ ಕೆಲಸಕ್ಕೆ ಹೋಗುತ್ತಿದ್ದಾರೆ. ಅವರಲ್ಲಿ ಒಬ್ಬಿಬ್ಬರು ಬಂದು ಏನು ಓದಬೇಕು ಎಂದು ನನ್ನನ್ನು ಕೇಳುತ್ತಾರೆ. ಓದುವುದನ್ನು ನನ್ನ ಹತ್ತಿರ ಕೇಳಿ ಏನು ಉಪಯೋಗ. ಮಾಡಿದ್ದನ್ನು ಹೇಳುತ್ತೇನೆ. ಪಗಾರ ಯಾವಾಗ ಏರಿತು ಎಂಬುದೆಲ್ಲ ಇದರಲ್ಲಿಲ್ಲ, ಅದು ಯಾರ ಕೆಲಸಕ್ಕೂ ಬರುವುದಿಲ್ಲ.

ನನ್ನ ಗಂಡ ಗೌಂಡಿ ಕೆಲಸಕ್ಕೆಂದು ಯಾದಗಿರಿ ಕಡೆಯಿಂದ ಪುಣೆಗೆ ಬಂದವನು. ನಾನೂ ಅವನ ಹಿಂದೆ ಕೆಲವು ವರ್ಷ ಗಾರೆಯ ಬುಟ್ಟಿ ಹೊತ್ತೆ. ತೊಂಬತ್ತರ ದಶಕದಲ್ಲಿ ತಳೇಗಾಂವ ದಾಭಾಡೆಯ ಒಂದು ಕಾರಖಾನೆಯಲ್ಲಿ ಟಿವಿ ಬೋರ್ಡಿಗೆ ಬೆಸುಗೆ ಹಾಕುವ ಕೆಲಸ ಸಿಕ್ಕಿತು. ಬುಟ್ಟಿ ಇಳಿಸಿದವಳು ಮತ್ತೆ ಎತ್ತಲಿಲ್ಲ.

ಅಲ್ಲಿ ನಮ್ಮ ಮೇಲೆ ಸಾಳುಂಕೆ ಬಾಯಿ ಎಂಬ ಸೂಪರ್‌ವೈಸರ್ ಇದ್ದಳು. ಅವಳು ನಕ್ಕದ್ದನ್ನು ಯಾರೂ ನೋಡಿರಲಿಲ್ಲ. ಬೋರ್ಡು ಬಿಸಿಯಾಗುತ್ತದೆಯೇ ಎಂದು ನಾನು ಬೆರಳ ತುದಿಯಿಂದ ಮುಟ್ಟಿ ನೋಡುತ್ತಿದ್ದೆ. ಅವಳು ನನ್ನ ಕೈ ಹಿಡಿದು ಮಗುಚಿ ಹಾಕಿದಳು. ರೊಟ್ಟಿ ಬಡಿದು ಬಡಿದು ನಿನ್ನ ಬೆರಳ ತುದಿ ಸತ್ತಿದೆ, ಅದು ಹೇಳುವುದನ್ನು ನಂಬಬೇಡ, ಬೆರಳಿನ ಬೆನ್ನಿನಿಂದ ನೋಡು ಎಂದಳು. ಆ ಒಂದು ಮಾತಿನ ಮೇಲೆ ನಾನು ಹದಿನೈದು ವರ್ಷ ಅನ್ನ ತಿಂದೆ. ಅದೇ ಕಾರಖಾನೆಯಲ್ಲಿ ಒಂದು ದಿನ ಇಡೀ ತಟ್ಟೆಯ ಬೋರ್ಡುಗಳಿಗೆ ಕೆಪಾಸಿಟರಿನ ಪ್ಲಸ್ಸು ಮೈನಸ್ಸು ನೋಡದೆ ಉಲ್ಟಾ ಕೂರಿಸಿಬಿಟ್ಟೆ. ಪರೀಕ್ಷೆಗೆ ಕರೆಂಟು ಕೊಟ್ಟಾಗ ದೀಪಾವಳಿಯ ಪಟಾಕಿಯಂತೆ ಸಿಡಿದವು. ಸಾಳುಂಕೆ ಬಾಯಿ ಬೈಯಲಿಲ್ಲ. ಅಷ್ಟನ್ನೂ ನನ್ನ ಕೈಯಿಂದಲೇ ಬಿಚ್ಚಿಸಿ, ನನ್ನ ಕೈಯಿಂದಲೇ ಮತ್ತೆ ಕೂರಿಸಿದಳು. ಬೈಗುಳ ಮರೆಯುತ್ತದೆ, ಅದು ಮರೆಯಲಿಲ್ಲ.

ಕಾರಖಾನೆ ಮುಚ್ಚಿದ ಮೇಲೆ ಕೊಂಢವಾದ ಜಗತಾಪ ಎಂಬವರ ಅಂಗಡಿಗೆ ಬಂದೆ. ಮೊದಲು ರೇಡಿಯೋ, ಟಿವಿ ರಿಪೇರಿ ಇತ್ತು. ಎರಡು ಸಾವಿರದ ಇಸವಿ ದಾಟಿ ಮೂರ್ನಾಲ್ಕು ವರ್ಷದಲ್ಲಿ ಜನ ಲ್ಯಾಪ್‌ಟಾಪ್ ಹೊತ್ತು ತರತೊಡಗಿದರು. ಜಗತಾಪರು ನನ್ನನ್ನು ಮಾವಶಿ, ಅಂದರೆ ಚಿಕ್ಕಮ್ಮ, ಎಂದೇ ಕರೆಯುತ್ತಿದ್ದರು. ಒಂದು ಹಳೆಯ ಮಷಿನು ಮುಂದಿಟ್ಟು, ಬಿಚ್ಚಿ ನೋಡು, ಇದು ಹೇಗೂ ಸತ್ತಿದೆ ಎಂದರು. ಬಿಚ್ಚಿದೆ. ಒಳಗೆ ಇದ್ದದ್ದು ನನಗೆ ಹೊಸದೇನೂ ಅಲ್ಲ. ಒಂದು ಒಲೆ, ಅದರ ಬೆಂಕಿ ಹೊರಗೆ ಒಯ್ಯಲು ಒಂದು ತಾಮ್ರದ ಕೊಳವೆ, ಗಾಳಿ ಊದಲು ಒಂದು ಫ್ಯಾನು. ಒಲೆಯ ಹೆಸರು ಪ್ರೊಸೆಸರ್. ಮಷಿನಿನ ಲೆಕ್ಕ ಮಾಡುವ ತಲೆಯೂ ಅದೇ.

ಪ್ರೊಸೆಸರಿಗೂ ತಾಮ್ರಕ್ಕೂ ನಡುವೆ ಒಂದು ಬಿಳಿ ಲೇಪ ಹಚ್ಚಬೇಕು, ಬಿಸಿ ದಾಟಿ ಹೋಗಲು. ಮೊದಲ ಸಲ ನಾನು ಅದನ್ನು ಕಟಕ ರೊಟ್ಟಿಗೆ ಬೆಣ್ಣೆ ಸವರಿದಂತೆ ಧಾರಾಳವಾಗಿ ಸವರಿದೆ. ಮಷಿನು ಮೊದಲಿಗಿಂತ ಹೆಚ್ಚು ಕಾದು ದೀಪದಂತೆ ಆರಿಹೋಯಿತು. ಜಗತಾಪರು ಬಿಚ್ಚಿಸಿ ನೋಡಿ, "ಮಾವಶಿ, ಹೇ ಲೋಣಿ ನಾಹೀ," ಇದು ಬೆಣ್ಣೆಯಲ್ಲ ಎಂದರು. ಒಂದು ಅಕ್ಕಿ ಕಾಳಿನಷ್ಟು ಸಾಕು. ಹೆಚ್ಚು ಹಚ್ಚಿದರೆ ಅದೇ ಹೊದಿಕೆಯಾಗುತ್ತದೆ. ಇದನ್ನು ನಿಮ್ಮ ಕೋರ್ಸಿನಲ್ಲಿಯೂ ಹೇಳುತ್ತಾರಂತೆ, ಒಳ್ಳೆಯದು.

ಹೇಳದ ವಿಷಯ ಬೇರೆ ಇದೆ. ಖಂಡೇನವಮಿ ಮುಗಿದ ವಾರ ಅಂಗಡಿಗೆ ಬರುವ ಲ್ಯಾಪ್‌ಟಾಪುಗಳೇ ಬೇರೆ. ವಿಜಾಪುರ ಕಡೆಯ ಒಬ್ಬ ವ್ಯಾಪಾರಿ ತಂದ ಮಷಿನು ಬಿಚ್ಚಿದರೆ ಫ್ಯಾನು ಕೆಂಪಗೆ, ಕೈಗೆ ಅಂಟುತ್ತಿತ್ತು. ಆಯುಧ ಪೂಜೆಗೆಂದು ತಕ್ಕಡಿ, ಕತ್ತರಿ, ಲ್ಯಾಪ್‌ಟಾಪು ಸಾಲಾಗಿ ಇಟ್ಟು ಕುಂಕುಮ, ಅರಿಶಿಣ ಎರಚಿದ್ದಾರೆ. ಗಾಳಿ ಎಳೆಯುವ ಕಿಂಡಿ ಅಷ್ಟನ್ನೂ ಎಳೆದುಕೊಂಡಿದೆ, ಮೇಲೆ ಊದಿನಕಡ್ಡಿಯ ಹೊಗೆ ಅಂಟಾಗಿ ಕೂತಿದೆ.

"ಪೂಜಿ ಮಾಡಿದ್ದಽ ತಪ್ಪಾತೇನ್ರಿ?" ಎಂದು ಅವರು ಮುಖ ಸಣ್ಣ ಮಾಡಿದರು.

"ಪೂಜಿ ಮಾಡ್ರಿ, ಯಾರ್ ಬ್ಯಾಡ ಅಂತಾರ. ಕುಂಕುಮ ಹಣಿಗಿ ಹಚ್ಚತಾರ, ಮೂಗಿನ್ಯಾಗ ತುಂಬಂಗಿಲ್ಲ," ಎಂದೆ.

ಮುಂದಿನ ವರ್ಷದಿಂದ ಅವರು ಮುಚ್ಚಳದ ಮೇಲೆ ಒಂದು ಬೊಟ್ಟು ಇಟ್ಟು ಕೈಮುಗಿಯುತ್ತಿದ್ದರಂತೆ.

ಒಂದಷ್ಟು ದಿನಗಳ ಮೇಲೆ ಜಗತಾಪರು ಶ್ರೀಕಾಂತ ಎಂಬ ಡಿಪ್ಲೊಮಾ ಓದಿದವನನ್ನು ನನ್ನ ಮೇಲೆ ತಂದು ಕೂರಿಸಿದರು. ಬೆಂಗಳೂರಿನವನು. ನನ್ನನ್ನು ಅಮ್ಮಾ ಎನ್ನುತ್ತಿದ್ದ, ಮರ್ಯಾದೆಗೆ ಕೊರತೆ ಮಾಡಲಿಲ್ಲ, ಆದರೆ ನನ್ನ ಕೆಲಸಕ್ಕೆ ಅವನು ಕೊಟ್ಟ ಹೆಸರು ಕ್ಲೀನಿಂಗ್. ಒಳಗಿನ ಪ್ರೋಗ್ರಾಮು ಅವನದು, ಮೈ ನನ್ನದು. ಮೂರು ಕೀಲಿ ಒಟ್ಟಿಗೆ ಒತ್ತಿದರೆ ತೆರೆಯುವ ಒಂದು ಪುಟವನ್ನು ಅವನೇ ನನಗೆ ತೋರಿಸಿದ. ಅದರಲ್ಲಿ ಹಸಿರು ಗೆರೆಯೊಂದು ಗುಡ್ಡದಂತೆ ಏರಿಳಿಯುತ್ತದೆ. ಪ್ರೊಸೆಸರ್ ಎಷ್ಟು ದುಡಿಯುತ್ತಿದೆ ಎಂಬ ಲೆಕ್ಕ ಅದು. ಸುಮ್ಮನೆ ಇರುವ ಮಷಿನಿನಲ್ಲಿ ಗೆರೆ ನೆಲ ಹಿಡಿದಿರಬೇಕು. ಯಾರೂ ಏನೂ ಮಾಡದೆಯೇ ಅದು ನೂರಕ್ಕೆ ಅಂಟಿ ನಿಂತಿದ್ದರೆ ಒಳಗೆ ಯಾವುದೋ ಪ್ರೋಗ್ರಾಮು ಹುಚ್ಚೆದ್ದಿದೆ ಎಂದರ್ಥ. ಅಂಕಿ ಓದಲು ನನಗೆ ಬರುತ್ತದೆ, ನೂರು ನೂರೇ.

ಅವನು ಜಾಣ, ಅದನ್ನು ಇಲ್ಲ ಎನ್ನುವುದಿಲ್ಲ. ವಾಕಡದ ಕಡೆ ಆಫೀಸಿದ್ದ ಒಬ್ಬನ ಮಷಿನು ಸದಾ ನೂರರಲ್ಲಿ ಓಡುತ್ತಿತ್ತು. ನಾನು ಫ್ಯಾನು ತೊಳೆದೆ, ಲೇಪ ಬದಲಿಸಿದೆ, ಏನೂ ಇಳಿಯಲಿಲ್ಲ. ಶ್ರೀಕಾಂತ ಎರಡು ನಿಮಿಷದಲ್ಲಿ ಹಿಡಿದ. ಆ ಮನುಷ್ಯ ವೈರಸ್ ಕಾಯಲು ಒಂದು ಸಾಲದೆಂದು ಎರಡು ಕಾವಲು ಪ್ರೋಗ್ರಾಮು ಹಾಕಿಕೊಂಡಿದ್ದ. ಇಬ್ಬರು ವಾಚ್‌ಮನ್‌ಗಳು ಒಬ್ಬರನ್ನೊಬ್ಬರು ಕಳ್ಳನೆಂದು ತಿಳಿದು ರಾತ್ರಿ ಹಗಲು ಜೇಬು ತಪಾಸಣೆ ಮಾಡುತ್ತಿದ್ದ ಹಾಗೆ. ಒಬ್ಬನನ್ನು ಮನೆಗೆ ಕಳಿಸಿದ ಕೂಡಲೆ ಗೆರೆ ಇಳಿಯಿತು. ಅವತ್ತು ನಾನು ಸುಮ್ಮನೆ ಕಲಿತೆ.

ಈಗ ಜಗತಾಪರ ನಿಯಮ ಹೇಳಬೇಕು, ಮುಂದಿನದಕ್ಕೆ ಅದು ಬೇಕು. ಪ್ರತಿ ಮಷಿನಿಗೆ ಒಂದು ಚೀಟಿ. ಮೊದಲು ಬಿಚ್ಚಿದವರ ಹೆಸರು ಅದರ ಮೇಲೆ. ಅದೇ ದೂರಿಗೆ ಮಷಿನು ವಾಪಸು ಬಂದರೆ ಒಂದು ಗೆರೆ. ಒಂದೇ ಚೀಟಿಯಲ್ಲಿ ಮೂರು ಗೆರೆ ಬಿದ್ದರೆ ಆ ಹೆಸರಿನವರು ಬೆಂಚಿನಿಂದ ಏಳಬೇಕು. ನನಗಿಂತ ಮೊದಲಿದ್ದ ಒಬ್ಬನನ್ನು ಹೀಗೆ ಎಬ್ಬಿಸಿದ್ದರು. ಅವನು ಗಿರಾಕಿಗಳಿಗೆ ಚಹಾ ತರುತ್ತ, ಕವರುಗಳನ್ನು ಒರೆಸುತ್ತ ಆರು ತಿಂಗಳಿದ್ದು ಹೋದ. ಪಗಾರ ಅಷ್ಟೇ ಕೊಡುತ್ತಿದ್ದರು. ಸ್ಕ್ರೂಡ್ರೈವರ್ ಕೊಡುತ್ತಿರಲಿಲ್ಲ.

ಮಲ್ಲಿಕಾರ್ಜುನ ಎಂಬವನ ಲ್ಯಾಪ್‌ಟಾಪು ನನ್ನ ಬೆಂಚಿಗೆ ಬಂದದ್ದು ಒಂದು ಬೇಸಿಗೆಯಲ್ಲಿ. ಬೀದರ ಕಡೆಯವನು. ಅವನಪ್ಪ ನಮ್ಮ ಹಾಗೆ ಗಾರೆ ಹೊತ್ತವನು, ಇವನು ಓದಿಕೊಂಡು ಮನೆಯಲ್ಲೇ ಕೂತು ಕಟ್ಟಡದ ನಕ್ಷೆ ಬಿಡಿಸುತ್ತಿದ್ದ. ಅಂಗಡಿಯಿಂದ ಹತ್ತು ನಿಮಿಷದ ದಾರಿಯಲ್ಲಿ ತಾಯಿಯೊಡನೆ ಇದ್ದ. ಸುತ್ತ ಕಟ್ಟಡ ಏಳುವ ಜಾಗ, ಸಿಮೆಂಟಿನ ಧೂಳು. ಬಿಚ್ಚಿದೆ, ಫ್ಯಾನಿನ ಬಾಯಿಗೆ ಧೂಳು ಹತ್ತಿಯ ಹಾಗೆ ಕಟ್ಟಿತ್ತು. ತೆಗೆದೆ, ಲೇಪ ಹಚ್ಚಿದೆ, ಕೊಟ್ಟೆ. ಸುಲಭದ ಕೆಲಸ.

ಮೂರು ವಾರಕ್ಕೆ ವಾಪಸು ಬಂತು. ನಕ್ಷೆ ಬಿಡಿಸುತ್ತಿರುವಾಗ ತಾನೇ ಆರಿಹೋಗುತ್ತದಂತೆ. ಒಂದು ಗೆರೆ. ಮತ್ತೆ ಬಿಚ್ಚಿದೆ, ಒಳಗೆ ಸ್ವಚ್ಛವಾಗಿಯೇ ಇತ್ತು. ನನ್ನ ಲೇಪವನ್ನೇ ಸಂಶಯಪಟ್ಟು ಒರೆಸಿ ಹೊಸದಾಗಿ ಹಚ್ಚಿದೆ.

ಹತ್ತು ದಿನಕ್ಕೆ ಮತ್ತೆ ಬಂದ. ಈ ಸಲ ನಕ್ಷೆ ಮುಚ್ಚದೆ, ಮಷಿನು ಬಂದ್ ಮಾಡದೆ, ಮುಚ್ಚಳ ಅರ್ಧ ಮುಚ್ಚಿ ಚೀಲದಲ್ಲಿ ಹಾಕಿಕೊಂಡು ಬಂದಿದ್ದ.

"ಚಾಲೂ ಇಟ್ಟಽ ತಂದೀನ್ರಿ. ಇಲ್ಲಿ ಬಂದ್ರ ಗುಣಾ ಆಗ್ತದ, ಮನ್ಯಾಗ ಹೋದ್ರ ಜ್ವರಾ ಬರ್ತದ. ನೀವಽ ನೋಡ್ರಿ," ಎಂದ.

ಶ್ರೀಕಾಂತ ಕೂಡಲೆ ಆ ಹಸಿರು ಗೆರೆಯ ಪುಟ ತೆರೆದ. ನೂರಕ್ಕೆ ಅಂಟಿಕೊಂಡಿತ್ತು. ನನ್ನ ಕಡೆ ತಿರುಗಿ, "ನೋಡಿ ಅಮ್ಮಾ, ಇದು ನಿಮ್ಮ ಡಿಪಾರ್ಟ್‌ಮೆಂಟ್ ಅಲ್ಲ. ಪ್ಯೂರ್ ವೈರಸ್. ಪ್ರೊಸೆಸರ್ ಸುಮ್ನೆ ಓಡ್ತಿದೆ, ಅದಕ್ಕೇ ಹೀಟ್ ಆಗ್ತಿದೆ," ಎಂದ. ಇದ್ದಬದ್ದ ನಕ್ಷೆಗಳನ್ನು ಸಿಡಿಗೆ ಇಳಿಸಿ, ಎಲ್ಲ ಅಳಿಸಿ, ಹೊಸದಾಗಿ ವಿಂಡೋಸ್ ಹಾಕಿ ಕೊಟ್ಟ. ಚೀಟಿಯಲ್ಲಿ ನನ್ನ ಹೆಸರಿನ ಕೆಳಗೇ ಎರಡನೇ ಗೆರೆ ಬಿತ್ತು, ಏಕೆಂದರೆ ಮೊದಲು ಬಿಚ್ಚಿದವಳು ನಾನು.

ವಾರದೊಳಗೆ ಮೂರನೇ ಸಲ ವಾಪಸು ಬಂತು. ಮಲ್ಲಿಕಾರ್ಜುನ ಈ ಸಲ ದೂರು ಹೇಳಲಿಲ್ಲ, ಮೇಜಿನ ಮೇಲೆ ಇಟ್ಟು, "ಬ್ಯಾರೆ ಅಂಗಡಿ ಯಾವುದರ ಇದ್ರ ನೀವಽ ಹೇಳ್ರಿ," ಎಂದ. ಅದು ಬೈಗುಳಕ್ಕಿಂತ ಕೆಟ್ಟದು.

ಮಷಿನನ್ನು ನನ್ನ ಬೆಂಚಿನ ಮೇಲೆ ಇಡೀ ದಿನ ಓಡಿಸಿದೆ, ಅವನ ಅತಿ ದೊಡ್ಡ ನಕ್ಷೆ ತೆರೆದಿಟ್ಟು. ಬೆರಳಿನ ಬೆನ್ನು ಇಟ್ಟು ನೋಡಿದರೆ ಮಲಗಿದ ಕೂಸಿನ ಹಣೆಯಷ್ಟೇ ಬಿಸಿ. ಎರಡನೇ ದಿನವೂ ಹಾಗೆಯೇ. ಜಗತಾಪರು ಚೀಟಿ ತೆಗೆದು, ನನ್ನ ಹೆಸರಿನ ಕೆಳಗೇ ಮೂರನೇ ಗೆರೆ ಎಳೆದು ನನ್ನ ಮುಂದೆ ಇಟ್ಟರು.

"ಶನಿವಾರದವರೆಗೆ ನೋಡು ಮಾವಶಿ," ಎಂದರು ಮರಾಠಿಯಲ್ಲಿ. "ಸಿಕ್ಕರೆ ಸರಿ. ಸಿಗದಿದ್ದರೆ ನಿಯಮ ನಿನಗೂ ಅದೇ."

"ನನಗೂ ಅದೇ ಇರಲಿ," ಎಂದೆ. "ಆದರೆ ಮಷಿನು ಇಲ್ಲಿ ಗಟ್ಟಿಮುಟ್ಟಾಗಿದೆ, ಅಲ್ಲಿ ಸಾಯುತ್ತದೆ. ಅಲ್ಲಿ ಏನಿದೆ ನೋಡಬೇಕು."

ಮನೆಗೆ ಹೋಗಿ ನೋಡಲು ನಾವೇನು ಡಾಕ್ಟರರೇ ಎಂದರು ಜಗತಾಪರು. ಶ್ರೀಕಾಂತ ವೋಲ್ಟೇಜ್ ಇರಬಹುದು ಎಂದ. ಗುರುವಾರ ನಮಗೆ ಸೂಟಿ. ಯಾರನ್ನೂ ಕೇಳದೆ ಹಿಂದಿನ ಸಂಜೆಯೇ ಒಯ್ದಿಟ್ಟುಕೊಂಡಿದ್ದ ಮಷಿನು ಎತ್ತಿಕೊಂಡು ಬೆಳಿಗ್ಗೆ ಮಲ್ಲಿಕಾರ್ಜುನನ ಮನೆಗೆ ಹೋದೆ.

ಬಾಗಿಲು ತೆಗೆದದ್ದು ಅವನ ತಾಯಿ ಸಿದ್ದಮ್ಮ. ನನ್ನ ವಯಸ್ಸಿನವಳೇ. ನನ್ನ ಕೈಯಲ್ಲಿದ್ದ ಮಷಿನು ಇಸಿದುಕೊಂಡು ಸೀರೆಯ ಸೆರಗಿನಿಂದ ಒರೆಸಿ, ಒಳಗಿಂದ ಏನೋ ತಂದಳು. ಮನೆಯಲ್ಲಿ ಟಿವಿಗೆ ಕಸೂತಿಯ ಹೊದಿಕೆ, ಮಿಕ್ಸರಿಗೆ ಕುಲಾಯಿ, ಫ್ರಿಜ್ಜಿನ ಹಿಡಿಕೆಗೂ ಅಂಗಿ. ಇದು ನಮ್ಮ ಹೆಂಗಸರ ಪದ್ಧತಿ, ಬೆಲೆಬಾಳುವ ವಸ್ತು ಬತ್ತಲೆ ಇರಬಾರದು. ಅವಳು ತಂದದ್ದು ಲ್ಯಾಪ್‌ಟಾಪಿನ ಅಂಗಿ. ಹಳೆ ಇಳಕಲ್ಲ ಸೀರೆಯ ಮೂರು ಪದರ ಕೂಡಿಸಿ ಕೌದಿಯ ಹೊಲಿಗೆ ಹಾಕಿದ್ದಳು, ಅಂಚಿಗೆ ಖಣದ ಪಟ್ಟಿ. ಕೀಲಿಗಳ ಜಾಗಕ್ಕೆ ಒಂದು ಕಿಟಕಿ, ತೆರೆಗೆ ಒಂದು ಕಿಟಕಿ, ಕರೆಂಟಿನ ವೈರು ಹಾಯಲು ಒಂದು ಕಾಜಾ. ಅಡಿಭಾಗ, ಎಡಮಗ್ಗುಲು, ಹಿಂಭಾಗ ಎಲ್ಲ ಮುಚ್ಚಿ ಗುಂಡಿ. ಮೊಮ್ಮಗುವಿಗೆ ಕುಂಚಿಗೆ ತೊಡಿಸುವಂತೆ ತೊಡಿಸಿ ಗುಂಡಿ ಹಾಕಿದಳು. ಮಗ ಕೂತು ನಕ್ಷೆ ತೆರೆದ.

"ಇದನ್ನ ಅಂಗಡಿಗಿ ತಂದಿದ್ದಿಲ್ಲಲ್ಲ ನೀ," ಎಂದೆ ಅವನಿಗೆ.

"ಅವ್ವಾ ತೆಗದಽ ಕೊಡ್ತಾಳ್ರಿ. ನಿಮ್ಮ ಎಣ್ಣಿ ಕೈ ಹತ್ತಿ ಹೊಲಸಾಗ್ತದಂತ."

"ಯಾವಾಗ ಹೊಲದಿ ಇದನ್ನ?" ಎಂದು ಸಿದ್ದಮ್ಮನನ್ನು ಕೇಳಿದೆ.

ಅವಳು ನನ್ನನ್ನೇ ನೋಡಿದಳು. "ನೀವಽ ಹೇಳಿ ಕಳಿಸಿದ್ರಂತಲ್ಲ. ಧೂಳ ಹೋಗಿ ಹಿಂಗಾಗ್ಯದ, ಇನ್ನ ಮುಂದ ಧೂಳ ಹೋಗದಂಗ ಮುಚ್ಚಿ ಇಡ್ರಿ ಅಂತ. ನಾಕು ದಿನಾ ಕುಂತು ಹೊಲದೀನಿ."

ಹೇಳಿದ್ದೆ. ಮೊದಲ ಸಲ ಮಷಿನು ಕೊಡುವಾಗ, ಎಲ್ಲ ಗಿರಾಕಿಗಳಿಗೆ ಹೇಳುವ ಹಾಗೆ, ಮುಚ್ಚಿಡಿ ಎಂದು ಅಂದು ಬಿಟ್ಟಿದ್ದೆ. ನಾನು ಹೇಳಿದ್ದು ಕೆಲಸ ಮುಗಿದ ಮೇಲೆ. ಅವರು ಕೇಳಿದ್ದು ಸದಾ. ಕೇಳಿದವರ ತಪ್ಪಲ್ಲ, ನಾನು ಅರ್ಧ ಹೇಳಿದ್ದೆ.

ತಕ್ಷಣ ಬಿಚ್ಚಲಿಲ್ಲ. ಆಗುವುದನ್ನು ಪೂರ್ತಿ ನೋಡೋಣವೆಂದು ಕೂತೆ. ಸಿದ್ದಮ್ಮ ಅವಲಕ್ಕಿ ಕೊಟ್ಟಳು. ಅರ್ಧ ಗಂಟೆಗೆ ಫ್ಯಾನು ಕಿರುಚತೊಡಗಿತು. ಹಸಿರು ಗೆರೆಯ ಪುಟ ತೆರೆಸಿದೆ, ನೂರು. ನಕ್ಷೆಯ ಒಂದು ಗೆರೆ ಎಳೆದರೆ ಅದು ಮೂಡಲು ಆಕಳಿಸುವಷ್ಟು ಹೊತ್ತು. ಆಗ ಗುಂಡಿ ಬಿಚ್ಚಿ ಅಂಗಿ ಕಳಚಿ, ಮಷಿನಿನ ಕೆಳಗೆ ಎರಡು ಬೆಂಕಿಪೆಟ್ಟಿಗೆ ಕೊಟ್ಟು ಎತ್ತರಿಸಿ ಕೂತೆ. ನಕ್ಷೆ ಅದೇ, ಮುಚ್ಚಲಿಲ್ಲ. ಸ್ವಲ್ಪ ಹೊತ್ತಿಗೆ ಫ್ಯಾನು ತಗ್ಗಿತು. ಅದರ ಹಿಂದೆಯೇ ಹಸಿರು ಗೆರೆಯೂ ಇಳಿಯಿತು, ನೂರರಿಂದ ಅರವತ್ತು, ಅರವತ್ತರಿಂದ ನಲವತ್ತು.

ಇದನ್ನು ಸರಿಯಾಗಿ ತಿಳಿದುಕೊಳ್ಳಿ. ಶ್ರೀಕಾಂತ ಹೇಳಿದ್ದು, ದುಡಿದು ದುಡಿದು ಬಿಸಿಯಾಗಿದೆ ಎಂದು. ನಾನೂ ಹಾಗೆಯೇ ನಂಬಿದ್ದೆ. ಇಲ್ಲಿ ನಡೆದದ್ದು ಉಲ್ಟಾ. ಗಾರೆ ಹೊರುವಾಗ ನಾನೇ ಕಂಡದ್ದು ಇದು. ತಂಪು ಹೊತ್ತಿನಲ್ಲಿ ಇಪ್ಪತ್ತು ಬುಟ್ಟಿ ಮೇಲೆ ಹಾಕಿ ಎಲೆ ಅಡಿಕೆ ಹಾಕಿಕೊಳ್ಳಲು ಸಮಯ ಉಳಿಯುತ್ತಿತ್ತು. ಏಪ್ರಿಲ್ ಬಿಸಿಲಲ್ಲಿ ಅದೇ ಇಪ್ಪತ್ತು ಬುಟ್ಟಿಗೆ ಕಾಲು ಎಳೆದುಕೊಂಡು ದಿನವಿಡೀ ಹತ್ತುತ್ತಿದ್ದೆವು. ಕೆಳಗೆ ನಿಂತು ಆಳುಗಳನ್ನು ದುಡಿಸುವ ಮುಕಾದಮ, ಇವಳು ಒಂದು ನಿಮಿಷ ಕೂರಲಿಲ್ಲ, ಎಷ್ಟು ದುಡಿಯುತ್ತಾಳೆ ಎನ್ನುತ್ತಿದ್ದ. ಕೆಲಸ ಹೆಚ್ಚಾಗಿರಲಿಲ್ಲ, ನಡಿಗೆ ನಿಧಾನವಾಗಿತ್ತು. ಪ್ರೊಸೆಸರೂ ಕಾದಾಗ ತನ್ನನ್ನು ಉಳಿಸಿಕೊಳ್ಳಲು ವೇಗ ಅರ್ಧಕ್ಕೆ ಇಳಿಸುತ್ತದೆ. ಇದ್ದ ಕೆಲಸವೇ ಅದಕ್ಕೆ ನೂರಾಗುತ್ತದೆ. ಆದ್ದರಿಂದ ನೂರು ಕಂಡ ಕೂಡಲೆ ವೈರಸ್ ಎಂದು ಅಳಿಸಲು ಹೋಗಬೇಡಿ. ಮೊದಲು ಕೈ ಇಟ್ಟು ನೋಡಿ.

ಸಿದ್ದಮ್ಮನಿಗೆ ಇದನ್ನು ಹೇಳಿದೆ. ಅವಳು ಅಂಗಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಳು.

"ಹಂಗಾರ ಒಲ್ಯಾಗ ಹಾಕ್ಲೇನು ಇದನ್ನ?"

"ಒಲ್ಯಾಗ ಯಾಕ. ಕತ್ತರಿ ಕೊಡು."

"ನೀವು ಮಿಷನ್ ಬಿಚ್ಚಾವ್ರು, ಮಿಷನ್ ಬಿಚ್ಚರಿ. ನನ್ನ ಹೊಲಿಗಿಗಿ ಕೈ ಹಚ್ಚಬ್ಯಾಡ್ರಿ," ಎಂದು ಕತ್ತರಿ ತಾನೇ ಹಿಡಿದಳು. ನಾನು ಸೀಮೆಸುಣ್ಣದಿಂದ ಗೆರೆ ಹಾಕಿ ತೋರಿಸಿದೆ, ಅಡಿಯಲ್ಲಿ ಇಷ್ಟು, ಎಡಕ್ಕೆ ಇಷ್ಟು, ಹಿಂದೆ ಪೂರ್ತಿ. ಅವಳು ಕತ್ತರಿಸಿದಳು, ಅಂಚು ಮಡಚಿ ಹೊಲಿದಳು. ಮಧ್ಯಾಹ್ನದ ಹೊತ್ತಿಗೆ ಅದು ಅಂಗಿಯಾಗಿ ಉಳಿಯಲಿಲ್ಲ, ಮೂಗುದಾರ ಹಾಕಿದ ಹಾಗೆ ಕಾಣುತ್ತಿತ್ತು. ಅದನ್ನೇ ತೊಡಿಸಿ, ಬೆಂಕಿಪೆಟ್ಟಿಗೆಯ ಮೇಲೆ ಇಟ್ಟು ಮಲ್ಲಿಕಾರ್ಜುನ ಸಂಜೆಯವರೆಗೆ ನಕ್ಷೆ ಬಿಡಿಸಿದ. ಒಮ್ಮೆಯೂ ಆರಲಿಲ್ಲ.

ಶನಿವಾರ ಜಗತಾಪರ ಮುಂದೆ ನಿಂತು ಎಲ್ಲ ಹೇಳಿದೆ. ಅಂಗಿಯ ಮಾತು ಕೇಳಿ ಅವರು ನಕ್ಕರು. ಅದನ್ನು ಹೊಲಿಸಿದ್ದು ನನ್ನ ಮಾತು ಎಂದಾಗ ನಗು ನಿಂತಿತು. ಅದನ್ನು ನಾನು ಹೇಳದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ, ಗಿರಾಕಿಯ ಮನೆಯ ತಪ್ಪು ಎಂದು ಮೂರೂ ಗೆರೆ ಹೊಡೆದು ಹಾಕುತ್ತಿದ್ದರು. ಆದರೆ ಉಲ್ಟಾ ಕೂರಿಸಿದ ಕೆಪಾಸಿಟರನ್ನು ಸರಿ ಕೂರಿಸಿದ್ದೆ ಎನ್ನಲು ನನಗೆ ಬರುವುದಿಲ್ಲ.

"ಮೂರೂ ನನ್ನವೇ," ಎಂದೆ.

ಜಗತಾಪರು ಚೀಟಿ ಎಳೆದುಕೊಂಡು ಪೆನ್ನು ತೆಗೆದರು. ಆಗ ಶ್ರೀಕಾಂತ ತನ್ನ ಮೇಜಿನಿಂದ, ತಲೆ ಎತ್ತದೆ ಹಿಂದಿಯಲ್ಲಿ, ಮೂರನೆಯದು ನನ್ನದು ಸರ್ ಎಂದ.

ಅದು ಹೇಗೆ ಎಂದು ಕೇಳಿದರು ಜಗತಾಪರು. ಮಷಿನು ಬಿಸಿಯಾಗಿಯೇ ನನ್ನ ಕೈಗೆ ಬಂದಿತ್ತು, ನೂರು ನೋಡಿದೆ, ವೇಗ ನೋಡಲಿಲ್ಲ, ನೋಡಿದ್ದರೆ ಅರ್ಧಕ್ಕೆ ಇಳಿದದ್ದು ಅವತ್ತೇ ಕಾಣುತ್ತಿತ್ತು, ಸುಮ್ಮನೆ ಎಲ್ಲ ಅಳಿಸಿ ಹಾಕಿದೆ ಎಂದ. ಜಗತಾಪರು ಮೂರನೇ ಗೆರೆಯ ಪಕ್ಕದಲ್ಲಿ ಅವನ ಹೆಸರು ಬರೆದು ಚೀಟಿಯನ್ನು ಮೊಳೆಗೆ ಚುಚ್ಚಿದರು. ನನ್ನವು ಎರಡು ಉಳಿದವು.

ಚಹಾದ ಹೊತ್ತಿಗೆ ಅವನ ಹತ್ತಿರ ಹೋದೆ.

"ನಿನ್ನ ಹೆಸರು ಬರಸ್ಕೋ ಅಂತ ನಾ ಹೇಳಿದ್ನೇನು?"

"ಇಲ್ಲ."

"ಮತ್ತ?"

"ನಿಮ್ಮ ಮೇಲಿನ ಪ್ರೀತಿಗೇನಲ್ಲಮ್ಮ. ನೀವು ಎದ್ರೆ ಆ ಫ್ಯಾನ್‌ಗಳನ್ನೆಲ್ಲಾ ನಾನೇ ತೊಳೀಬೇಕು."

ಆ ಉತ್ತರ ನನಗೆ ಹಿಡಿಸಿತು. ಬೆಂಚಿಗೆ ಬಂದು ಕೂತೆ. ಒಬ್ಬ ಹೆಣ್ಣುಮಗಳು ಬಿಸಿಯಾಗುತ್ತದೆ ಎಂದು ಮಷಿನು ಹಿಡಿದು ನಿಂತಿದ್ದಳು. ಸ್ಕ್ರೂಡ್ರೈವರ್ ಕೈಗೆ ತೆಗೆದುಕೊಂಡು, ಮತ್ತೆ ಕೆಳಗಿಟ್ಟು, "ಮೊದಲ ಹೇಳವ್ವ, ಮನ್ಯಾಗ ಇದನ್ನ ಎಲ್ಲಿ ಇಡ್ತಿ, ಏನ್ ಹೊಚ್ಚತಿ?" ಎಂದೆ.